ಕೇಳುವ ಹೃದಯವೇ ಜ್ಞಾನದ ಬಾಗಿಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಒಂದೇ ಚರ್ಚೆ. ವಿಜ್ಞಾನವೋ, ವಾಣಿಜ್ಯವೋ, ಡಿಪ್ಲೊಮಾವೋ? ಮಗ ಒಂದು ಹೇಳುತ್ತಾನೆ, ಅಪ್ಪ ಇನ್ನೊಂದು ಹೇಳುತ್ತಾನೆ, ಕಾಕಾ ಬಂದು ಮೂರನೆಯದನ್ನು ಹೇಳಿ ಚಹಾ ಕುಡಿದು ಹೋಗುತ್ತಾನೆ. ಕ್ರೈಸ್ತ ಮನೆಗಳಲ್ಲಿ ಇದಕ್ಕೆ ಇನ್ನೊಂದು ಮಾತು ಸೇರುತ್ತದೆ: "ದೇವರ ಚಿತ್ತ ಏನಿದೆಯೋ, ಪ್ರಾರ್ಥನೆ ಮಾಡೋಣ."

ಮಾತು ಒಳ್ಳೆಯದೇ. ಆದರೆ ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಏನು ಮಾಡಬೇಕೆಂಬುದು ಹಲವರಿಗೆ ಹೊಳೆಯುವುದಿಲ್ಲ. ಕೆಲವರು ಆಕಾಶದಿಂದ ಉತ್ತರ ಬಂದೀತೆಂದು ಕಾಯುತ್ತಾರೆ. ಇನ್ನು ಕೆಲವರು ಮೊದಲೇ ಮಾಡಿಕೊಂಡ ನಿರ್ಧಾರಕ್ಕೆ ದೇವರ ರುಜು ಹಾಕಿಸಿಕೊಳ್ಳಲು ಮೊಣಕಾಲೂರುತ್ತಾರೆ. ಸತ್ಯವೇದ ಹೇಳುವ ಜ್ಞಾನದ ದಾರಿ ಇವೆರಡೂ ಅಲ್ಲ.

ಅರಸ ಬೇಡಿದ್ದು ಏನು?

ಸೊಲೊಮೋನನ ಕಥೆ ಎಲ್ಲರಿಗೂ ಗೊತ್ತು. ಗಿಬ್ಯೋನಿನಲ್ಲಿ ಕನಸಿನಲ್ಲಿ ದೇವರು ಕಾಣಿಸಿಕೊಂಡು, ಏನು ಬೇಕೋ ಕೇಳು ಎಂದಾಗ ಅವನು ಐಶ್ವರ್ಯ ಕೇಳಲಿಲ್ಲ, ದೀರ್ಘಾಯುಷ್ಯ ಕೇಳಲಿಲ್ಲ, ವೈರಿಗಳ ನಾಶವನ್ನೂ ಕೇಳಲಿಲ್ಲ. ವಿವೇಕವುಳ್ಳ ಹೃದಯ ಕೇಳಿದ. ಮೂಲ ಹೀಬ್ರೂ ಭಾಷೆಯಲ್ಲಿ ಇಲ್ಲಿರುವ ಮಾತಿನ ನೇರ ಅರ್ಥ 'ಕೇಳುವ ಹೃದಯ' ಎಂದು. ಅಂದರೆ ಜ್ಞಾನದ ಮೊದಲ ಮೆಟ್ಟಿಲು ಮಾತನಾಡುವುದಲ್ಲ, ಕಿವಿಗೊಡುವುದು. ಮುಂದೆ ಇದೇ ಅರಸ ಗಿಡಮರ, ಪ್ರಾಣಿ, ಪಕ್ಷಿ, ಹುಳುಹುಪ್ಪಡಿ, ಮೀನುಗಳ ವಿಷಯವಾಗಿಯೂ ಪ್ರಸ್ತಾಪಿಸುತ್ತಿದ್ದನೆಂದು ಅರಸುಗಳು ಗ್ರಂಥ ಹೇಳುತ್ತದೆ. ದೇವಜ್ಞಾನ ಬೇರೆ, ಲೋಕದ ತಿಳಿವಳಿಕೆ ಬೇರೆ ಎಂಬ ಗೋಡೆ ಅಲ್ಲಿಲ್ಲ.

ಜ್ಞಾನವನ್ನು ಬೆಳ್ಳಿಯಂತೆ, ಹೂತಿಟ್ಟ ನಿಧಿಯಂತೆ ಹುಡುಕಬೇಕೆಂದು ಜ್ಞಾನೋಕ್ತಿಗಳು ಗ್ರಂಥ ಹೇಳುತ್ತದೆ. ಯೋಬನ ಗ್ರಂಥದ 28ನೆಯ ಅಧ್ಯಾಯವಂತೂ ಗಣಿಗಾರಿಕೆಯ ವರ್ಣನೆಯಿಂದಲೇ ಆರಂಭವಾಗುತ್ತದೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಹೋಲಿಕೆ ಸುಲಭವಾಗಿ ತಿಳಿಯಬೇಕು. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ ಇಳಿದಿತ್ತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಕೆಲಸ ನಡೆದಿದೆ. ಒಂದು ಟನ್ ಅದಿರನ್ನು ಮೇಲೆತ್ತಿ, ಪುಡಿಮಾಡಿ, ಶೋಧಿಸಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಬೇಡಿದವರಿಗೆ ದೇವರು ಜ್ಞಾನವನ್ನು ಉದಾರವಾಗಿ ಕೊಡುತ್ತಾನೆಂಬುದು ಯಾಕೋಬನ ಪತ್ರಿಕೆಯ ಭರವಸೆ. ಆದರೆ ಆ ಭರವಸೆ ಅಗೆಯುವ ಕೆಲಸಕ್ಕೆ ರಜೆ ಕೊಡುವುದಿಲ್ಲ.

ಧಾರವಾಡದ ಒಬ್ಬ ಗಣಿಗಾರ

ಇಂಥ ಅಗೆತಕ್ಕೆ ಒಳ್ಳೆಯ ಉದಾಹರಣೆ ಈ ಊರಲ್ಲೇ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿತು. ಆ ಮಿಶನ್ನಿನ ಬೋಧಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಸುವಾರ್ತೆ ಸಾರುವುದು ಅವರ ಕೆಲಸ. ಆದರೆ ಹಳ್ಳಿಗಳಿಗೆ ಹೋದಾಗ ಅವರು ಹೇಳಿದ್ದಷ್ಟೇ ಅಲ್ಲ, ಕೇಳಿಯೂ ಕೇಳಿದರು. ಜನರ ನಾಲಿಗೆಯ ಮೇಲಿದ್ದ ಸರ್ವಜ್ಞನ ತ್ರಿಪದಿಗಳನ್ನೂ, ಮನೆಗಳಲ್ಲಿ ಉಳಿದಿದ್ದ ಕೈಬರಹದ ಪ್ರತಿಗಳನ್ನೂ ವರ್ಷಗಟ್ಟಲೆ ಹುಡುಕಿ, ಪಾಠಗಳನ್ನು ಹೋಲಿಸಿ 1924ರಲ್ಲಿ ಸರ್ವಜ್ಞನ ವಚನಗಳ ಸಂಗ್ರಹವನ್ನು ಪ್ರಕಟಿಸಿದರು. 'ತಿರುಳ್ಗನ್ನಡದ ತಿರುಕ' ಎಂದು ನಾಡು ಅವರನ್ನು ಕರೆಯಿತು. 1949ರಲ್ಲಿ ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1962ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತ ವಿಶ್ವಾಸಿಯಾಗಿಯೇ ಉಳಿದರು. ಶರಣರ ವಚನಗಳ ಮೇಲಿನ ಪ್ರೀತಿಯನ್ನೂ ಬಿಡಲಿಲ್ಲ.

ಪಾದ್ರಿಗೆ ತಿರುಕ ಕವಿಯ ಮಾತು ಏಕೆ ಬೇಕಿತ್ತು ಎಂದು ಕೇಳುವವರು ಜ್ಞಾನೋಕ್ತಿಗಳ ಗ್ರಂಥವನ್ನೇ ಒಮ್ಮೆ ತೆರೆದು ನೋಡಬೇಕು. ಅದರಲ್ಲಿರುವುದೆಲ್ಲ ಸೊಲೊಮೋನನ ಮಾತಲ್ಲ. 30ನೆಯ ಅಧ್ಯಾಯ ಆಗೂರನೆಂಬವನದು. 31ನೆಯದು ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಕಲಿಸಿದ ಪಾಠ. ಸರ್ವಜ್ಞನ ಸಂಗ್ರಹ ಹೊರಬಂದ ಅದೇ 1924ರಲ್ಲಿ ಜರ್ಮನಿಯ ವಿದ್ವಾಂಸ ಅಡಾಲ್ಫ್ ಎರ್ಮಾನ್, ಜ್ಞಾನೋಕ್ತಿಗಳ 22-23ನೆಯ ಅಧ್ಯಾಯಗಳ ಕೆಲವು ಮಾತುಗಳಿಗೂ ಪ್ರಾಚೀನ ಈಜಿಪ್ಟಿನ ಅಮೆನೆಮೋಪೆಯ ನೀತಿಬೋಧೆಗೂ ಇರುವ ನಿಕಟ ಹೋಲಿಕೆಯನ್ನು ತೋರಿಸಿಕೊಟ್ಟ. ದೇವರಿಗೆ ಭಯಪಡುವ ಹೃದಯ ಒಳ್ಳೆಯ ಮಾತು ಎಲ್ಲಿಂದ ಬಂದರೂ ಕಿವಿ ಮುಚ್ಚಿಕೊಳ್ಳುವುದಿಲ್ಲ.

ಒರೆಗಲ್ಲು ಯಾವುದು?

ಹಾಗೆಂದು ಕಿವಿಗೆ ಬಿದ್ದುದೆಲ್ಲ ಜ್ಞಾನವಲ್ಲ. ಅಕ್ಕಸಾಲಿಗ ಹಳದಿ ಲೋಹವನ್ನೆಲ್ಲ ಚಿನ್ನವೆಂದು ನಂಬದೆ ಒರೆಗಲ್ಲಿಗೆ ಹಚ್ಚುತ್ತಾನೆ. ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಅಂಥ ಒರೆಗಲ್ಲು ಇದೆ. ಮೇಲಿನಿಂದ ಬರುವ ಜ್ಞಾನ ಶುದ್ಧವಾಗಿರುತ್ತದೆ, ಸಮಾಧಾನ ತರುತ್ತದೆ, ಇನ್ನೊಬ್ಬರ ಮಾತಿಗೆ ಮಣಿಯುತ್ತದೆ, ಕರುಣೆ ತುಂಬಿರುತ್ತದೆ, ಪಕ್ಷಪಾತ ಕಪಟಗಳನ್ನು ಅರಿಯದು. ಮತ್ಸರ, ಸ್ವಾರ್ಥ, ಜಂಬ ಇದ್ದಲ್ಲಿರುವುದು ಬೇರೆ ಜಾತಿಯ ಜಾಣತನ.

ಈಗ ಮನೆಯ ಚರ್ಚೆಗೆ ಬರಬಹುದು. "ಬಾಜೂ ಮನಿ ಹುಡುಗ ಸೈನ್ಸ್ ತಗೊಂಡಾನ, ನೀನೂ ತಗೋ" ಎನ್ನುವ ಅಪ್ಪನ ಮಾತು ಈ ಒರೆಗಲ್ಲಿನ ಮೇಲೆ ನಿಲ್ಲುವುದಿಲ್ಲ. ಅದರ ಬೇರು ಮತ್ಸರದಲ್ಲಿದೆ. "ಗೆಳೆಯರೆಲ್ಲ ಅಲ್ಲೇ ಹೊಂಟಾರ" ಎನ್ನುವ ಮಗನ ಮಾತೂ ನಿಲ್ಲುವುದಿಲ್ಲ. ಅಲ್ಲಿ ವಿಚಾರವೇ ಇಲ್ಲ. ಹುಡುಗನಿಗೆ ಯಾವ ಪುಸ್ತಕ ಹಿಡಿದರೆ ಹೊತ್ತು ಹೋಗುವುದು ತಿಳಿಯುವುದಿಲ್ಲ, ಹತ್ತಿರದಿಂದ ಕಂಡ ಶಿಕ್ಷಕರು ಏನನ್ನುತ್ತಾರೆ, ಆ ಕೋರ್ಸು ಓದುತ್ತಿರುವವರ ಅನುಭವವೇನು, ಫೀ ಕಟ್ಟಲು ಮಾಡುವ ಸಾಲ ತಂಗಿಯ ಓದಿಗೆ ಕುತ್ತಾಗುವುದೇ ಎಂದು ಶಾಂತವಾಗಿ ಕೇಳಿ ತಿಳಿಯುವುದೇ ಅಗೆಯುವ ಕೆಲಸ. ಇದು ಪ್ರಾರ್ಥನೆಗೆ ಬದಲಿಯಲ್ಲ, ಪ್ರಾರ್ಥನೆಯ ಮುಂದಿನ ಭಾಗ. ಇಷ್ಟಾದ ಮೇಲೂ ನಿರ್ಧಾರ ತಪ್ಪಬಹುದು. ಆಗ ಮಗುವನ್ನು ಹಂಗಿಸದೆ ಮತ್ತೆ ಕೂತು ಮಾತನಾಡುವ ಕರುಣೆಯೂ ಆ ಜ್ಞಾನದ್ದೇ ಗುಣ.

ಜ್ಞಾನ ಬೇಡಿ ಪಡೆದ ಸೊಲೊಮೋನನೇ ಮುಪ್ಪಿನಲ್ಲಿ ದಾರಿ ತಪ್ಪಿದನೆಂದು ಸತ್ಯವೇದ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಒಮ್ಮೆ ಸಿಕ್ಕ ಜ್ಞಾನ ಆಯುಷ್ಯಪೂರ್ತಿ ಸಾಕಾಗುವ ಗಂಟಲ್ಲ. ಅದನ್ನು ದಿನದಿನವೂ ಬೇಡಬೇಕು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯಗಳಿವೆ, ದಿನಕ್ಕೊಂದರಂತೆ ಓದಿದರೆ ತಿಂಗಳಿಗೆ ಮುಗಿಯುತ್ತದೆ. ರಾತ್ರಿ ಊಟಕ್ಕೆ ಮುಂಚೆ ಮೊಬೈಲು, ಟಿ.ವಿ. ಬದಿಗಿಟ್ಟು ಮನೆಮಂದಿ ಒಂದು ಅಧ್ಯಾಯ ಓದಿ, "ಇದರಲ್ಲಿ ನಿನಗ ಏನು ತಿಳೀತು?" ಎಂದು ಮನೆಯ ಚಿಕ್ಕ ಮಗುವನ್ನೇ ಮೊದಲು ಕೇಳಲಿ. ದೊಡ್ಡವರು ಅದು ಹೇಳಿ ಮುಗಿಸುವವರೆಗೂ ಸುಮ್ಮನಿದ್ದು ಕೇಳಲಿ.