ಮರಮುಟ್ಟು ಒಣಗಿಸುವಾಗ ತೇವಾಂಶದ ಅಳತೆ ಮತ್ತು ನಿಯಂತ್ರಣ: ಅರ್ಜಿದಾರರ ತಿಳಿವಳಿಕೆಗಾಗಿ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಹಾಗೂ ಇಂಡಿ ಭಾಗದ ರೈತರು ಹೊಲದ ಬದುವಿನಲ್ಲಿ ಬೆಳೆದ ಸಾಗುವಾನಿ, ಬೇವು, ಜಾಲಿ ಮುಂತಾದ ಮರಗಳನ್ನು ಮನೆಯ ಬಾಗಿಲು, ಕಿಟಕಿ, ಚೌಕಟ್ಟುಗಳಿಗಾಗಿ ಕಡಿಯಲು ಅನುಮತಿ ಕೋರಿ ಅರ್ಜಿ ಸಲ್ಲಿಸುವುದು ವಾಡಿಕೆಯಲ್ಲಿದೆ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ವೃಕ್ಷ ಅಧಿಕಾರಿಯ ಅನುಮತಿ ಪಡೆಯುವುದು, ತದನಂತರ ಸಾಗಾಣಿಕೆ ರಹದಾರಿ ಪಡೆಯುವುದು ಅರ್ಜಿದಾರರಿಗೆ ತಿಳಿದ ವಿಷಯ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇರುವುದರಿಂದ ಆ ಬಗ್ಗೆ ವಲಯ ಅರಣ್ಯ ಅಧಿಕಾರಿಗಳ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ. ಆದರೆ ಅನುಮತಿ ದೊರೆತ ನಂತರ ಆ ಮರವನ್ನು ಹೇಗೆ ಒಣಗಿಸಬೇಕು ಎಂಬ ಬಗ್ಗೆ ಮಾಹಿತಿಯ ಕೊರತೆ ಕಂಡುಬರುತ್ತದೆ. ಮೂವತ್ತು ನಲವತ್ತು ವರ್ಷ ಬೆಳೆದ ಮರವು ಒಂದೇ ಬೇಸಿಗೆಯಲ್ಲಿ ಸೀಳಿ ಉರುವಲಾಗುವ ಸಂಭವವಿರುವುದರಿಂದ ಈ ವಿವರಣೆಯನ್ನು ನೀಡಲಾಗಿದೆ.

ಒಣ ಹವೆಯಲ್ಲಿನ ತೊಂದರೆ

ಕರಾವಳಿ ಹಾಗೂ ಮಲೆನಾಡಿನಲ್ಲಿ ಮರ ಒಣಗುವುದಿಲ್ಲ ಎಂಬುದೇ ತೊಂದರೆ. ಹೂವಿನ ಹಿಪ್ಪರಗಿಯಂತಹ ಬಯಲುಸೀಮೆಯ ಊರುಗಳಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿ ಇದೆ. ಇಲ್ಲಿ ಮರವು ಅಗತ್ಯಕ್ಕಿಂತ ಬೇಗ ಒಣಗುತ್ತದೆ. ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆಗ ಬೀಸುವ ಬಿಸಿಗಾಳಿಯು ಹಲಗೆಯ ಮೇಲ್ಮೈಯಿಂದ ನೀರನ್ನು ಹೀರುವ ವೇಗಕ್ಕೆ ಸಮನಾಗಿ ಒಳಭಾಗದ ನೀರು ಹೊರಗೆ ಬರಲಾರದು. ಹೊರಪದರ ಕುಗ್ಗಲು ಯತ್ನಿಸುತ್ತದೆ, ಹಸಿಯಾದ ಒಳಭಾಗ ಅದನ್ನು ತಡೆಯುತ್ತದೆ, ಪರಿಣಾಮವಾಗಿ ಮೇಲ್ಮೈ ಬಿರಿಯುತ್ತದೆ. ತುದಿಗಳಲ್ಲಿ ನೀರು ಎಳೆಗಳ ಉದ್ದಕ್ಕೂ ಸುಲಭವಾಗಿ ಹೊರಬರುವುದರಿಂದ ಸೀಳು ಮೊದಲು ಅಲ್ಲಿಯೇ ಕಾಣಿಸುತ್ತದೆ. ಆದುದರಿಂದ ಈ ಭಾಗದಲ್ಲಿ ಮರ ಒಣಗಿಸುವುದೆಂದರೆ ಬಹುಮಟ್ಟಿಗೆ ಒಣಗುವಿಕೆಯನ್ನು ನಿಧಾನಗೊಳಿಸುವ ಕೆಲಸವೇ ಆಗಿದೆ.

ಗಾಳಿಯ ಆರ್ದ್ರತೆ ಮತ್ತು ಮರದ ತೇವಾಂಶ

ಇವೆರಡನ್ನೂ ಒಂದೇ ಎಂದು ಭಾವಿಸಬಾರದು. ಗಾಳಿಯು ಆ ಉಷ್ಣಾಂಶದಲ್ಲಿ ಹಿಡಿದಿಡಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಇದೆ ಎಂಬುದು ಸಾಪೇಕ್ಷ ಆರ್ದ್ರತೆ. ಮರದಲ್ಲಿರುವ ನೀರಿನ ತೂಕವನ್ನು ಅದೇ ಮರದ ಸಂಪೂರ್ಣ ಒಣ ತೂಕದ ಶೇಕಡಾವಾರಿನಲ್ಲಿ ಹೇಳುವುದು ತೇವಾಂಶ. ಭಾಜಕವು ಒಣ ತೂಕವಾದ ಕಾರಣ ಹಸಿ ಮರದ ತೇವಾಂಶ ಶೇ. 100ನ್ನು ಮೀರುವುದೂ ಸಾಧ್ಯ. ಇದನ್ನು ಲೆಕ್ಕದ ತಪ್ಪೆಂದು ತಿಳಿಯಬೇಕಾಗಿಲ್ಲ.

ಸುತ್ತಲಿನ ಗಾಳಿ ಯಾವ ಸ್ಥಿತಿಯಲ್ಲಿದೆಯೋ ಅದಕ್ಕೆ ತಕ್ಕ ತೇವಾಂಶಕ್ಕೆ ಮರವು ಬಂದು ನಿಲ್ಲುತ್ತದೆ. ಇದಕ್ಕೆ ಸಮತೋಲನ ತೇವಾಂಶ ಎಂದು ಹೆಸರು. ಗಾಳಿಯ ಉಷ್ಣಾಂಶ 30 ಡಿಗ್ರಿ ಇರುವಾಗ ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಮರದ ತೇವಾಂಶ ಸುಮಾರು ಶೇ. 6ಕ್ಕೆ, ಶೇ. 50 ಇದ್ದರೆ ಸುಮಾರು 9ಕ್ಕೆ, ಶೇ. 80 ಇದ್ದರೆ ಸುಮಾರು 16ಕ್ಕೆ ನಿಲ್ಲುತ್ತದೆ. ಹಗಲು ರಾತ್ರಿಗಳ ವ್ಯತ್ಯಾಸವನ್ನು ದಪ್ಪ ಹಲಗೆಯು ಅಷ್ಟಾಗಿ ಅನುಸರಿಸುವುದಿಲ್ಲ. ಋತುಗಳ ವ್ಯತ್ಯಾಸವನ್ನು ತಪ್ಪದೆ ಅನುಸರಿಸುತ್ತದೆ. ತೇವಾಂಶವು ಶೇ. 25ರಿಂದ 30ರ ಮಟ್ಟಕ್ಕೆ ಇಳಿಯುವವರೆಗೆ ಮರ ಹಗುರವಾಗುತ್ತದೆಯೇ ಹೊರತು ಗಾತ್ರದಲ್ಲಿ ಕುಗ್ಗುವುದಿಲ್ಲ. ಕುಗ್ಗುವಿಕೆ ಆರಂಭವಾಗುವುದು ಆ ಮಟ್ಟದ ಕೆಳಗೆ.

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ ಕಡೆಯಿಂದ ಸಾಗುವಾನಿ ತರಿಸುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಲ್ಲಿ ಮಳೆಗಾಲದಲ್ಲಿ ಶೇ. 18ರ ತೇವಾಂಶದಲ್ಲಿದ್ದ ಹಲಗೆ ಇಲ್ಲಿನ ಬೇಸಿಗೆಯಲ್ಲಿ ಶೇ. 8ಕ್ಕೆ ಇಳಿದರೆ, ವಾರ್ಷಿಕ ಉಂಗುರಗಳಿಗೆ ಸಮಾನಾಂತರವಾಗಿ ಕೊಯ್ದ 200 ಮಿ.ಮೀ. ಅಗಲದ ಹಲಗೆಯು ಹತ್ತಿರ ಹತ್ತಿರ 4 ಮಿ.ಮೀ. ಕುಗ್ಗುತ್ತದೆ. ಅಂತಹ ನಾಲ್ಕು ಹಲಗೆಗಳ ಬಾಗಿಲಿನಲ್ಲಿ ಒಟ್ಟು 15 ಮಿ.ಮೀ.ಗಳಷ್ಟು ಸಂದು ಬೀಳುತ್ತದೆ. ಸಾಗುವಾನಿಯು ಕಡಿಮೆ ಕುಗ್ಗುವ ಮರವೆಂದು ಹೆಸರಾಗಿದ್ದರೂ ಇದು ತಪ್ಪುವುದಿಲ್ಲ. ಬಾಗಿಲು ಬಿರುಕು ಬಿಟ್ಟಾಗ ಬಡಿಗರನ್ನು ದೂರುವುದು ಸಾಮಾನ್ಯ. ಅನೇಕ ಸಂದರ್ಭಗಳಲ್ಲಿ ದೋಷವು ಕೆಲಸದಲ್ಲಿರದೆ ತೇವಾಂಶದಲ್ಲಿರುತ್ತದೆ.

ಎಷ್ಟು ತೇವಾಂಶ ಇರಬೇಕು

ಭಾರತೀಯ ಮಾನಕ ಐ.ಎಸ್. 287ರಲ್ಲಿ ದೇಶವನ್ನು ವಾರ್ಷಿಕ ಸರಾಸರಿ ಸಾಪೇಕ್ಷ ಆರ್ದ್ರತೆಯ ಆಧಾರದ ಮೇಲೆ ನಾಲ್ಕು ವಲಯಗಳಾಗಿ ವಿಂಗಡಿಸಲಾಗಿದೆ: ಶೇ. 40ಕ್ಕಿಂತ ಕಡಿಮೆ, 40ರಿಂದ 50, 50ರಿಂದ 67, ಹಾಗೂ 67ಕ್ಕಿಂತ ಹೆಚ್ಚು. ಬಾಗಿಲು ಕಿಟಕಿಗಳಿಗೆ ಬಳಸುವ 50 ಮಿ.ಮೀ.ಗಿಂತ ತೆಳುವಾದ ಮರಕ್ಕೆ ಈ ವಲಯಗಳಲ್ಲಿ ಕ್ರಮವಾಗಿ ಶೇ. 8, 10, 12 ಮತ್ತು 14ರ ತೇವಾಂಶವನ್ನು, 50 ಮಿ.ಮೀ. ಹಾಗೂ ಅದಕ್ಕಿಂತ ದಪ್ಪದ ಮರಕ್ಕೆ ಶೇ. 10, 12, 14 ಮತ್ತು 16ನ್ನು ಸೂಚಿಸಲಾಗಿದೆ. ಈ ಭಾಗದಲ್ಲಿ ಬೇಸಿಗೆಯ ಸಮತೋಲನ ತೇವಾಂಶ ಶೇ. 6ರ ಆಸುಪಾಸಿಗೆ ಇಳಿದು, ಮಳೆ ಹೆಚ್ಚಾಗಿ ಬೀಳುವ ಸೆಪ್ಟೆಂಬರ್ ವೇಳೆಗೆ ಶೇ. 15ರವರೆಗೆ ಏರುವುದರಿಂದ, ತೆಳು ಹಲಗೆಗಳಿಗೆ ನಡುವಿನ 10ರಿಂದ 12ರ ಗುರಿ ಇಟ್ಟುಕೊಳ್ಳುವುದು ಲೇಸು.

ತೂಗಿ ಅಳೆಯುವ ವಿಧಾನ

ತೇವಾಂಶ ಅಳೆಯಲು ಎಲ್ಲಕ್ಕಿಂತ ನಂಬಿಕೆಗೆ ಅರ್ಹವಾದ ಸಾಧನ ತಕ್ಕಡಿ. ಹಲಗೆಯ ತುದಿಯಿಂದ ಸಾಕಷ್ಟು ಒಳಗೆ ಒಂದು ಸಣ್ಣ ತುಂಡನ್ನು ಕತ್ತರಿಸಿ, ತಡಮಾಡದೆ ತೂಗಿ, 103 ಡಿಗ್ರಿ ಉಷ್ಣಾಂಶದ ಒಲೆಯಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಬೇಕು. ತುಂಡಿನ ಹಸಿ ತೂಕ 300 ಗ್ರಾಂ, ಒಣ ತೂಕ 200 ಗ್ರಾಂ ಆದಲ್ಲಿ ಹೋದ ನೀರು 100 ಗ್ರಾಂ, ಅಂದರೆ ತೇವಾಂಶ ಶೇ. 50.

ಹಳ್ಳಿಯಲ್ಲಿ ಇಂತಹ ಒಲೆ ಇರುವುದಿಲ್ಲವೆಂಬುದು ನಿಜ. ಆದರೆ ಈ ಪರೀಕ್ಷೆಯನ್ನು ಒಮ್ಮೆ ಮಾಡಿಸಿದರೆ ಸಾಕು, ಮುಂದಿನದನ್ನು ಮನೆಯಲ್ಲಿಯೇ ನೋಡಿಕೊಳ್ಳಬಹುದು. ತುಂಡು ತೆಗೆದ ನಂತರ ಉಳಿದ ಹಲಗೆಯನ್ನು ಮಾದರಿ ಹಲಗೆಯಾಗಿ ಇಟ್ಟುಕೊಂಡು, ಅದರ ತುದಿಗಳಿಗೆ ಬಣ್ಣ ಬಳಿದು, ಕೂಡಲೇ ತೂಗಬೇಕು. ಅದು 6 ಕಿ.ಗ್ರಾಂ. ತೂಗಿದರೆ, ತೇವಾಂಶ ಶೇ. 50 ಇರುವುದರಿಂದ ಅದರ ಒಣ ತೂಕ 4 ಕಿ.ಗ್ರಾಂ. ಗುರಿ ಶೇ. 12 ಆಗಿದ್ದಲ್ಲಿ ಆ ಹಲಗೆ 4 ಕಿಲೋ 480 ಗ್ರಾಂಗೆ ಬರಬೇಕು. ಈ ಅಂಕಿಯನ್ನು ಹಲಗೆಯ ಮೇಲೆಯೇ ಬರೆದು, ಅದನ್ನು ಅಟ್ಟಿಯ ನಡುವೆ ಹೊರತೆಗೆಯಲು ಬರುವಂತೆ ಇಟ್ಟು, ವಾರಕ್ಕೊಮ್ಮೆ ತೂಗಿ ದಿನಾಂಕಸಹಿತ ಬರೆದಿಡತಕ್ಕದ್ದು. ಮೊದಲ ವಾರಗಳಲ್ಲಿ ತೂಕ ಅತಿ ವೇಗವಾಗಿ ಇಳಿದು ಮೇಲ್ಮೈಯಲ್ಲಿ ಕೂದಲೆಳೆಯಂತಹ ಬಿರುಕು ಕಂಡರೆ ಗಾಳಿಯನ್ನು ತಡೆಯಬೇಕೆಂದು ತಿಳಿಯುವುದು.

ಮುಳ್ಳುಗಳನ್ನು ಚುಚ್ಚಿ ನೋಡುವ ವಿದ್ಯುತ್ ತೇವಮಾಪಕಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅವು ಅಂದಾಜು ಶೇ. 7ರಿಂದ 25ರವರೆಗೆ ಮಾತ್ರ ಭರವಸೆಗೆ ತಕ್ಕವು. ಮರದ ಜಾತಿ ಹಾಗೂ ಉಷ್ಣಾಂಶಕ್ಕೆ ತಿದ್ದುಪಡಿ ಅಗತ್ಯ. ಮೇಲ್ಮೈಯನ್ನಷ್ಟೇ ಚುಚ್ಚಿದರೆ ಹೊರಪದರದ ಒಣತನ ಗೊತ್ತಾಗುತ್ತದೆಯೇ ವಿನಾ ಒಳಗಿನ ಹಸಿ ಗೊತ್ತಾಗದು.

ಗಾಳಿಯನ್ನು ಅಳೆಯುವ ವಿಧಾನ

ಒಂದೇ ಬಗೆಯ ಎರಡು ಉಷ್ಣಮಾಪಕಗಳನ್ನು ಪಕ್ಕಪಕ್ಕದಲ್ಲಿ ತೂಗುಹಾಕಿ, ಒಂದರ ಬುಡಕ್ಕೆ ಒದ್ದೆಯ ಮಲ್ಮಲ್ ಬಟ್ಟೆ ಸುತ್ತಬೇಕು. ಬಟ್ಟೆಯ ಇನ್ನೊಂದು ತುದಿ ನೀರಿನ ಶೀಸೆಯಲ್ಲಿರಬೇಕು. ಬೀಸಣಿಗೆಯಿಂದ ಗಾಳಿ ಹಾಕಿ ಎರಡೂ ಅಂಕಿಗಳನ್ನು ಓದಬೇಕು. ಗಾಳಿ ಒಣಗಿದ್ದಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತದೆ. ಒಣ ಉಷ್ಣಮಾಪಕ 40, ಒದ್ದೆಯದು 22 ತೋರಿಸಿದರೆ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 20; 35 ಮತ್ತು 25 ಇದ್ದರೆ ಸುಮಾರು 45; 27 ಮತ್ತು 24 ಇದ್ದರೆ ಸುಮಾರು 78. ಇತರ ಅಂಕಿಗಳಿಗೆ ಉಷ್ಣಮಾಪಕದೊಂದಿಗೆ ದೊರೆಯುವ ಕೋಷ್ಟಕವನ್ನು ನೋಡತಕ್ಕದ್ದು. ಶೀಸೆಗೆ ಮಳೆ ನೀರು ಅಥವಾ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಡೋಣಿ ಕಣಿವೆಯ ಸವಳು ನೀರನ್ನು ಹಾಕಿದಲ್ಲಿ ಬಟ್ಟೆಗೆ ಉಪ್ಪು ಕಟ್ಟಿ, ನೀರು ಏರದೆ, ಗಾಳಿಯು ಇರುವುದಕ್ಕಿಂತ ತೇವವಾಗಿದೆ ಎಂಬ ತಪ್ಪು ಅಂಕಿ ಬರುತ್ತದೆ.

ಅಟ್ಟಿ ಒಟ್ಟುವುದು ಮತ್ತು ಗಾಳಿಯ ಹತೋಟಿ

ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ನಂತರ ಕೊಯ್ಸಿ ಒಟ್ಟಿದ ಹಲಗೆಗಳು ಚಳಿಗಾಲದ ತಂಪಿನಲ್ಲಿ ಮೊದಲ ಹಂತದ ನೀರನ್ನು ನಿಧಾನವಾಗಿ ಬಿಡುತ್ತವೆ. ಮಾರ್ಚ್ ತಿಂಗಳಿನಲ್ಲಿ ಕೊಯ್ಸಿದವು ನೇರವಾಗಿ ಬಿಸಿಗಾಳಿಗೆ ಸಿಗುತ್ತವೆ. ಅನುಮತಿಗಾಗಿ ಅರ್ಜಿ ಸಲ್ಲಿಸುವಾಗಲೇ ಈ ಕಾಲಮಾನವನ್ನು ಲೆಕ್ಕದಲ್ಲಿಟ್ಟುಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಒಳಿತು.

ಅಟ್ಟಿಯನ್ನು ಎರೆಮಣ್ಣಿನ ನೆಲದ ಮೇಲೆ ನೇರವಾಗಿ ಒಟ್ಟಬಾರದು. ಎರೆ ಭೂಮಿ ಹೀರಿಕೊಂಡ ಮಳೆನೀರನ್ನು ಬಹುಕಾಲ ಬಿಡುತ್ತಿರುವುದರಿಂದ ಕೆಳಗಿನ ಸಾಲುಗಳು ಒಣಗುವುದಿಲ್ಲ, ಗೆದ್ದಲೂ ಹತ್ತುತ್ತದೆ. ಪರಸಿ ಕಲ್ಲು ಅಥವಾ ಇಟ್ಟಿಗೆ ಕಂಬಗಳ ಮೇಲೆ ನೆಲದಿಂದ ಒಂದಡಿ ಎತ್ತರದಲ್ಲಿ ಸಮತಟ್ಟಾದ ತಳ ಮಾಡಿ, ಸಾಲು ಸಾಲಿಗೂ ನಡುವೆ ಒಂದೇ ದಪ್ಪದ ಒಣ ಪಟ್ಟಿಗಳನ್ನು ಇಡಬೇಕು. ಪಟ್ಟಿಗಳು ಮೇಲಿನಿಂದ ಕೆಳಗಿನವರೆಗೆ ಒಂದರ ನೇರಕ್ಕೆ ಒಂದು ಬರತಕ್ಕದ್ದು, ಇಲ್ಲವಾದಲ್ಲಿ ಹಲಗೆ ಸೊಟ್ಟಗಾಗುತ್ತದೆ. ಸಾಮಾನ್ಯವಾಗಿ ಒಂದಿಂಚು ದಪ್ಪದ ಪಟ್ಟಿ ಬಳಸುವುದಾದರೂ, ಒಣ ಹವೆಯಲ್ಲಿ ಅದಕ್ಕಿಂತ ತೆಳುವಾದುದನ್ನು ಬಳಸಿ ಗಾಳಿಯ ಸಂಚಾರ ತಗ್ಗಿಸಬಹುದು. ಮೇಲೆ ಚಪ್ಪರ ಅಥವಾ ತಗಡಿನ ನೆರಳು ಇರಬೇಕು, ಮೇಲಿನ ಸಾಲಿನ ಮೇಲೆ ಕಲ್ಲಿನ ಭಾರ ಇಡಬೇಕು. ಬಿಸಿಗಾಳಿ ಬರುವ ದಿಕ್ಕಿಗೆ ತಟ್ಟಿ ಅಥವಾ ಗೋಣಿತಾಟು ಕಟ್ಟಿ, ಉಷ್ಣಮಾಪಕಗಳ ಅಂತರ ಬಹಳ ಹೆಚ್ಚಿದ ದಿನಗಳಲ್ಲಿ ಅದಕ್ಕೆ ನೀರು ಚಿಮುಕಿಸಿದರೆ ಅಟ್ಟಿಯೊಳಗಿನ ಗಾಳಿಯ ಆರ್ದ್ರತೆ ಏರುತ್ತದೆ. ನೀರನ್ನು ತಾಟಿನ ಮೇಲೆ ಹಾಕಬೇಕೇ ಹೊರತು ಹಲಗೆಗಳ ಮೇಲೆ ಅಲ್ಲ. ತೇವಾಂಶ ಶೇ. 25ಕ್ಕಿಂತ ಕೆಳಗೆ ಇಳಿದ ಮೇಲೆ ತಾಟನ್ನು ಕ್ರಮೇಣ ತೆಗೆಯಬಹುದು. ಹಲಗೆಯ ದಪ್ಪ ಇಮ್ಮಡಿಯಾದರೆ ಒಣಗುವ ಕಾಲವು ಇಮ್ಮಡಿಗಿಂತಲೂ ಹೆಚ್ಚಾಗುವುದೆಂಬುದನ್ನು ಚೌಕಟ್ಟಿನ ಮರ ಒಣಗಿಸುವವರು ಮರೆಯಬಾರದು.

ಜಾಲಿಯ ದಿಮ್ಮಿಗಳನ್ನು ಕೆರೆ ಅಥವಾ ಬಾವಿಯ ನೀರಿನಲ್ಲಿ ಮುಳುಗಿಸಿಡುವ ಹಳೆಯ ಪದ್ಧತಿಯಿಂದ ಹುಳುವಿನ ಬಾಧೆ ಕಡಿಮೆಯಾಗುತ್ತದೆ. ಆದರೆ ಇದರಿಂದ ಮರ ಒಣಗಿದಂತಾಗಲಿಲ್ಲ. ಹೊರತೆಗೆದ ನಂತರ ಮೇಲೆ ಹೇಳಿದ ಕ್ರಮದಂತೆಯೇ ಒಣಗಿಸಬೇಕು.

ಒಣಗಿಸುವ ಕೊಠಡಿ

ಹೆಚ್ಚಿನ ಪ್ರಮಾಣದ ಮರವನ್ನು ಒಣಗಿಸುವ ಘಟಕಗಳಲ್ಲಿ ಶಾಖ, ಗಾಳಿ ಮತ್ತು ಆವಿ ಮೂರನ್ನೂ ಹತೋಟಿಯಲ್ಲಿಡುವ ಮುಚ್ಚಿದ ಕೊಠಡಿ ಇರುತ್ತದೆ. ಆರಂಭದಲ್ಲಿ ಶಾಖ ಕಡಿಮೆ, ಆರ್ದ್ರತೆ ಹೆಚ್ಚು. ಮಾದರಿ ಹಲಗೆಯ ತೂಕ ಇಳಿದಂತೆ ಶಾಖವನ್ನು ಏರಿಸಿ ಆರ್ದ್ರತೆಯನ್ನು ಇಳಿಸಲಾಗುತ್ತದೆ. ಮರದ ಜಾತಿಗೆ ಅನುಗುಣವಾದ ಕ್ರಮವು ಐ.ಎಸ್. 1141ರಲ್ಲಿದೆ. ಅಂತಹ ಘಟಕದಿಂದ ಹಲಗೆ ಕೊಳ್ಳುವವರು ಒಂದು ತುಂಡಿನ ಅಡ್ಡ ಕೊಯ್ತದಲ್ಲಿ ನಡುವಿನ ಭಾಗ ತೆಗೆಸಿ, ಕವೆಯಂತೆ ಎರಡು ಕಡ್ಡಿ ಉಳಿಸಿ ನೋಡಬಹುದು. ಕಡ್ಡಿಗಳು ಒಳಕ್ಕೆ ಬಾಗಿದರೆ ಹಲಗೆಯೊಳಗೆ ಬಿಗಿತ ಉಳಿದಿದೆ. ಅದನ್ನು ಮತ್ತೆ ಕೊಯ್ದಾಗ ಬಾಗುವ ಸಂಭವವಿದೆ.

ಅರ್ಜಿದಾರರು ಗಮನಿಸಬೇಕಾದ ಇತರ ಅಂಶಗಳು

ಮರ ಕಡಿದ ದಿನದಿಂದ ರಹದಾರಿ ದೊರೆಯುವವರೆಗೆ ದಿಮ್ಮಿಗಳು ಹೊಲದಲ್ಲಿಯೇ ಇರುವುದರಿಂದ, ಬಹಳಷ್ಟು ಸೀಳುಗಳು ಆ ದಿನಗಳಲ್ಲಿಯೇ ಆಗುತ್ತವೆ. ಕಡಿದ ದಿನವೇ ಎರಡೂ ತುದಿಗಳಿಗೆ ಡಾಂಬರು, ಮೇಣ ಅಥವಾ ದಪ್ಪನೆಯ ಎಣ್ಣೆ ಬಣ್ಣ ಬಳಿದು, ದಿಮ್ಮಿಗಳನ್ನು ನೆರಳಿಗೆ ಸರಿಸಿ ಸೊಪ್ಪು ಅಥವಾ ಕಣಿಕೆಯಿಂದ ಮುಚ್ಚತಕ್ಕದ್ದು. ಇಲಾಖೆಯ ಸಿಬ್ಬಂದಿ ದಿಮ್ಮಿಗೆ ಸುತ್ತಿಗೆ ಗುರುತು ಹಾಕಿದ್ದಲ್ಲಿ ಅದರ ಮೇಲೆ ಬಣ್ಣ ಬಳಿಯಬಾರದು. ಗುರುತನ್ನು ಅಳಿಸುವುದು ಅಥವಾ ತಿದ್ದುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಅಡಿಯಲ್ಲಿ ಅಪರಾಧವಾಗಿರುತ್ತದೆ. ಗುರುತು ಬೀಳುವ ಮೊದಲೇ ಬಣ್ಣ ಬಳಿಯುವುದಾದರೆ ನಡುವೆ ಅಂಗೈ ಅಗಲದ ಜಾಗವನ್ನು ಖಾಲಿ ಬಿಡುವುದು.

ಮರದ ತೇವಾಂಶ ಪರೀಕ್ಷೆ ಹಾಗೂ ಮರ ಒಣಗಿಸುವ ತರಬೇತಿಯ ಬಗ್ಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಬಹುದಾಗಿದೆ. ಪರೀಕ್ಷೆಗೆ ತುಂಡು ಕಳುಹಿಸುವವರು ಕತ್ತರಿಸಿದ ಕೂಡಲೇ ಅದರ ತೂಕವನ್ನು ಬರೆದಿಟ್ಟು, ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮರದ ಜಾತಿ, ದಪ್ಪ ಹಾಗೂ ಕತ್ತರಿಸಿದ ದಿನಾಂಕವನ್ನು ಚೀಟಿಯಲ್ಲಿ ನಮೂದಿಸಿ ಲಗತ್ತಿಸತಕ್ಕದ್ದು.