ನಾಯಿಯ ಮುದ್ದೆಗೆ ಈರುಳ್ಳಿ ಸಾರು ಬೇಡ

ಅಜ್ಜಂಪುರ, ತರೀಕೆರೆ, ಕಡೂರಿನ ಹೊಲಗಳಲ್ಲಿ ಈರುಳ್ಳಿ ದೊಡ್ಡ ಬೆಳೆ. ಕಿತ್ತ ಮೇಲೆ ಬದುವಿನಲ್ಲೋ ಅಂಗಳದಲ್ಲೋ ರಾಶಿ ಬಿದ್ದಿರುತ್ತದೆ. ಆ ರಾಶಿ ಕಾಯುವ ನಾಯಿಗೆ ಅದೇ ಈರುಳ್ಳಿ ವಿಷ. ನೈಸರ್ಗಿಕವಾದದ್ದೆಲ್ಲ ನಿರಪಾಯ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ.

ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ರಕ್ತ ಸೇರಿ ಹಿಮೋಗ್ಲೋಬಿನ್ನನ್ನು ಕೆಡಿಸುತ್ತವೆ. ಕೆಟ್ಟದ್ದು ಗಂಟುಗಟ್ಟಿ ಕೆಂಪು ರಕ್ತಕಣದ ಅಂಚಿಗೆ ಅಂಟುತ್ತದೆ, ಕಣ ಒಡೆಯುತ್ತದೆ, ರಕ್ತಹೀನತೆ ಶುರುವಾಗುತ್ತದೆ. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸಬಲ್ಲದು. ಅಂದರೆ ಹತ್ತು ಕಿಲೋ ತೂಗುವ ನಾಯಿಗೆ ಒಂದೆರಡು ಗೆಡ್ಡೆ. ಬೆಕ್ಕಿಗಾದರೆ ಪ್ರತಿ ಕಿಲೋಗೆ 5 ಗ್ರಾಂ ಸಾಕು. ಬೇಯಿಸಿದರೂ ಒಣಗಿಸಿದರೂ ಈ ವಿಷ ಹೋಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ತಿಂದರೂ ಕೆಡುಕೇ. ಹಾಗಾಗಿ ಮಿಕ್ಕ ಬಾಡಿನ ಸಾರನ್ನು ಮುದ್ದೆಗೆ ಸುರಿದು ನಾಯಿಗಿಡುವ ನಮ್ಮ ರೂಢಿ ಬದಲಾಗಲೇಬೇಕು.

ಮುದ್ದೆಯದೇನೂ ತಪ್ಪಿಲ್ಲ. ತೋಳಕ್ಕೆ ಪಿಷ್ಟ ಅರಗಿಸುವ ಅಮೈಲೇಸ್ ಜೀನಿನ ಎರಡು ಪ್ರತಿಗಳಿದ್ದರೆ, ನಾಯಿಗೆ 4ರಿಂದ 30 ಇರುತ್ತವೆ ಎಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಮನುಷ್ಯನ ಜೊತೆ ಉಂಡು ಬೆಳೆದ ಪ್ರಾಣಿಗೆ ರಾಗಿಯೂ ಅನ್ನವೂ ಒಗ್ಗುತ್ತವೆ. ಆದರೆ ಬರೀ ಮುದ್ದೆಯಲ್ಲಿ ಪ್ರೋಟೀನ್ ಸಾಲದು. ಬೇಯಿಸಿದ ಮೊಟ್ಟೆ, ಮೀನು, ಮಾಂಸ ಸೇರಲಿ. ಬೆಂದ ಕೋಳಿಮೂಳೆ ಮಾತ್ರ ಬೇಡ, ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

ಬೆಕ್ಕಿನ ಲೆಕ್ಕವೇ ಬೇರೆ. ಅದಕ್ಕೆ ಬೇಕಾದ ಟಾರೀನ್ ಎಂಬ ಪೋಷಕಾಂಶ ಅದರ ದೇಹದಲ್ಲಿ ಸಾಕಷ್ಟು ತಯಾರಾಗುವುದಿಲ್ಲ, ಧಾನ್ಯದಲ್ಲೂ ಸಿಗುವುದಿಲ್ಲ. ಹಾಲನ್ನದಲ್ಲೇ ಬೆಳೆದ ಬೆಕ್ಕಿನ ಕಣ್ಣು, ಹೃದಯ ಎರಡಕ್ಕೂ ಅಪಾಯವಿದೆ.

ಕುರಿ ಕೊಯ್ದಾಗ ಹಸಿ ಈಲಿ, ಶ್ವಾಸಕೋಶವನ್ನು ನಾಯಿಗೆ ಎಸೆಯುವುದೂ ಉಂಟು. ಅದರಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದಲ್ಲಿ ಹೊರಬಿದ್ದು ಕುರಿಗೂ ಮನೆಯ ಮಕ್ಕಳಿಗೂ ತಗಲುತ್ತವೆ. ಚೆನ್ನಾಗಿ ಬೇಯಿಸಿದರೆ ಈ ಅಪಾಯವಿಲ್ಲ. ಕಾಲಕಾಲಕ್ಕೆ ಜಂತುಹುಳುವಿನ ಔಷಧಿಯನ್ನೂ ಹಾಕಿಸಬೇಕು.

ಖರ್ಚಿಲ್ಲದ ದಾರಿಯೊಂದಿದೆ. ಈರುಳ್ಳಿ, ಬೆಳ್ಳುಳ್ಳಿ, ಖಾರ ಬೀಳುವ ಮೊದಲೇ ಬೆಂದದ್ದರಲ್ಲಿ ನಾಯಿಯ ಪಾಲು ತೆಗೆದಿಡಿ. ಈರುಳ್ಳಿ ತಿಂದ ಕೆಲವು ದಿನಗಳಲ್ಲಿ ಒಸಡು ಬಿಳಿಚಿದರೆ, ಉಚ್ಚೆ ಕೆಂಗಂದಾದರೆ, ತಡಮಾಡದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದದ್ದು ಏನೆಂದು ವೈದ್ಯರಿಗೆ ಮರೆಯದೆ ಹೇಳಿ.