ಕಿತ್ತೂರಿನ ಕಥೆ ಚಿಕಾಗೋಕ್ಕೆ ಹೋಯ್ತು!

ಯರಗಟ್ಟಿ: ಕಾಲೇಜು ಮಾಸ್ತರೆಂದರೆ ಪಾಠ ಹೇಳಿ ಪಗಾರ ಎಣಿಸುವವರು ಎಂಬುದು ನಮ್ಮ ಬಸ್‌ಸ್ಟ್ಯಾಂಡ್ ಕಟ್ಟೆಯ ಪಂಚರ ಅಭಿಪ್ರಾಯ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದ ಎ.ಕೆ. ರಾಮಾನುಜನ್ ಆ ಪೈಕಿ ಅಲ್ಲ. ಮೈಸೂರು ಕಡೆಯ ಈ ಮನುಷ್ಯ ನಮ್ಮ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಕಥೆ ಕೇಳಿ ಬರಕೊಂಡರು. 1955ರಲ್ಲಿ ಕಿತ್ತೂರಿನಲ್ಲಿ ಸಿಕ್ಕದ್ದು 'ಹಂಚಿ'. ಚೆಲುವು ಮುಚ್ಚಿಡಲು ಮಣ್ಣಿನ ಮುಖವಾಡ ತೊಟ್ಟ ಹುಡುಗಿಯ ಕಥೆ ಅದು.

1959ರಲ್ಲಿ ಅಮೆರಿಕಕ್ಕೆ ಹೋದರು, ಚಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. ಅವರ ಜೊತೆ ಕಥೆಗಳೂ ತಿರುಗಿದವು. ಧಾರವಾಡದಲ್ಲಿ ಕಲಿತ ಗೆಳೆಯ ಗಿರೀಶ ಕಾರ್ನಾಡರಿಗೆ ಅವರು ಹೇಳಿದ ಎರಡು ಜನಪದ ಕಥೆಗಳೇ 'ನಾಗಮಂಡಲ' ನಾಟಕವಾದವು. ಕಾರ್ನಾಡರು ಅದನ್ನು ಬರೆದದ್ದೂ ಚಿಕಾಗೋದಲ್ಲೇ, 1987-88ರಲ್ಲಿ. ಗೆಳೆಯರ ಹರಟೆಗೆ ಇಷ್ಟು ಬೆಲೆ ಬಂದದ್ದು ಅಪರೂಪ ನೋಡ್ರಿ!

ರಾಮಾನುಜನ್ 1993ರಲ್ಲಿ ತೀರಿಕೊಂಡರು. ಈಗಲೂ ಭಾಷಣಕ್ಕೆ ಹೊರಟ ಪ್ರೊಫೆಸರುಗಳು ಧಾರವಾಡ-ಗೋಕಾಕ ದಾರಿಯಲ್ಲಿ ನಮ್ಮೂರು ಹಾಯುತ್ತಾರೆ, ಚಹಾ ಕುಡಿದು ಬಸ್ ಹತ್ತುತ್ತಾರೆ. ಒಬ್ಬ ಮುದುಕಿಯನ್ನು ಕೂರಿಸಿ ಕಥೆ ಕೇಳಿದವರನ್ನು ನಾನಂತೂ ಕಂಡಿಲ್ಲ. ಅವರನ್ನೇ ಏಕೆ ಅನ್ನಲಿ? ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವ ನಾನು, ಊರ ಜಗಳವನ್ನೆಲ್ಲ ಬರಕೊಂಡೆ. ದೀಪ ಹಚ್ಚಿದ ಮೇಲೆ ನಮ್ಮ ಆಯಿ ಹೇಳುತ್ತಿದ್ದ ಕಥೆಗಳಲ್ಲಿ ನೆನಪಿರುವುದು ಎರಡೇ. ಎರಡರದೂ ಕೊನೆ ಮರೆತಿದೆ.